ಪೆನ್‌ಡ್ರೈವ್ ಕಿತ್ತ ಕೂಡಲೇ ಫೈಲ್ ಮ್ಯಾನೇಜರ್ ಬೀಳುತ್ತಿದೆ: ಮಿಂಟ್ 21 ಎಕ್ಸ್‌ಎಫ್‌ಸಿಇ, ಥುನಾರ್ 4.16

ಪ್ರಶ್ನೆ: ಸ್ಟೇಷನ್‌ರೋಡ್_ಡಿಟಿಪಿ, ಕಲಬುರಗಿ

ನಮಸ್ಕಾರ್ರಿ. ಅಂಗಡಿಯಾಗ ಎರಡು ಹಳೆ ಡೆಸ್ಕ್‌ಟಾಪ್ ಅವ, ಎರಡರಾಗೂ ಲಿನಕ್ಸ್ ಮಿಂಟ್ 21, ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್. 4 ಜಿಬಿ ರ್‍ಯಾಮ್, ತಿರುಗೋ ಹಾರ್ಡ್‌ಡಿಸ್ಕ್, ಫೈಲ್ ಮ್ಯಾನೇಜರ್ ಥುನಾರ್ 4.16. ಗಿರಾಕಿಗಳು ಪೆನ್‌ಡ್ರೈವ್ ತರ್ತಾರ, ಪ್ರಿಂಟ್ ಕೈಗೆ ಬಂತಂದ್ರ ತಾವೇ ಕಿತ್ಕೊಂಡು ಹೊಂಟುಬಿಡ್ತಾರ. ಅಲ್ಲಿಂದ ತೊಂದ್ರಿ ಶುರು.

ಪೆನ್‌ಡ್ರೈವಿನ ಫೋಲ್ಡರ್ ತೆರೆದಿದ್ದಾಗ ಕಿತ್ತರ ಥುನಾರಿನ ಎಲ್ಲ ಕಿಟಕಿ ಒಮ್ಮೆಲೇ ಮುಚ್ಕೋತಾವ. ಆ ಪೆನ್‌ಡ್ರೈವಿಗೆ ಸಂಬಂಧನೇ ಇಲ್ದ, ಬ್ಯಾರೆ ಡಿಸ್ಕಿಗೆ ನಡೆದಿದ್ದ ಕಾಪಿನೂ ಅರ್ಧಕ್ಕ ನಿಲ್ತದ. ಡೆಸ್ಕ್‌ಟಾಪ್ ಐಕಾನ್, ಪ್ಯಾನೆಲ್ ಮಾತ್ರ ಇದ್ದಂಗೇ ಇರ್ತಾವ. ಫೋಲ್ಡರ್ ತೆರೆಯದೇ ಇದ್ದಾಗ ಕಿತ್ತರ ಏನೂ ಆಗಂಗಿಲ್ಲ.

ಪಕ್ಕದ ಪಟ್ಟಿಯಾಗಿನ ಇಜೆಕ್ಟ್ ಬಾಣ ಒತ್ತಿದ್ರೂ ಆಗೊಮ್ಮೆ ಈಗೊಮ್ಮೆ ಹಿಂಗೇ ಆಗ್ತದ. ಪಿಡಿಎಫ್, ಫೋಟೋ ನೂರಾರು ಇರೋ ಫೋಲ್ಡರಿನ್ಯಾಗ, ಥಂಬ್‌ನೇಲ್ ಇನ್ನೂ ಮೂಡ್ತಿರುವಾಗ ಒತ್ತಿದ್ರ ಹೆಚ್ಚು. ಕೆಲವೊಮ್ಮೆ ಬೀಳೋ ಬದ್ಲಿ "ಡಿವೈಸ್ ಬಿಜಿ" ಅಂತ ಬರ್ತದ. ಮತ್ತೆ ಚುಚ್ಚಿದಾಗ ಡ್ರೈವಿನ ಹೆಸರಿನ ಕೊನೆಗೆ 1 ಸೇರ್ಕೊಂಡು ಮೌಂಟ್ ಆಗ್ತದ (ಅಂದ್ರ ಫೋಲ್ಡರಾಗಿ ಜೋಡಣಿ ಆಗ್ತದ).

ಜರ್ನಲ್‌ನಾಗ (ಸಿಸ್ಟಮ್ ಲಾಗ್) ಸಿಕ್ಕ ಸಾಲು: ಥುನಾರ್, ಸೆಗ್‌ಫಾಲ್ಟ್, ಎರರ್ 4, ಲಿಬ್‌ಜಿಆಬ್ಜೆಕ್ಟ್ ಅನ್ನೋ ಲೈಬ್ರರಿ ಒಳಗ. ಬೀಳೋದನ್ನ ನಿಲ್ಲಸೋದು ಹ್ಯಾಂಗ? ಗಿರಾಕಿ ಫೈಲಿಗೆ ಏನಾದ್ರೂ ಪೆಟ್ಟು ಬೀಳ್ತದೇನು?

ಉತ್ತರ 1: ಬೀದರ್_ಲಿನಕ್ಸ್

ಮೊದಲಿಗೆ ಒಂದು ವಿಷಯ ಬೇರೆ ಮಾಡಿಕೊಳ್ಳಿ. ಥುನಾರ್ ಬೀಳುವುದು ಒಂದು ತೊಂದರೆ, ಫೈಲ್ ಕೆಡುವುದು ಇನ್ನೊಂದು. ಥುನಾರ್ ಗಟ್ಟಿಯಾಗಿ ನಿಂತಿದ್ದರೂ ಫೈಲ್ ಕೆಡಬಹುದು, ಥುನಾರ್ ಬಿದ್ದರೂ ಫೈಲ್ ನೆಟ್ಟಗಿರಬಹುದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ದೊಡ್ಡದು. ಬಿದ್ದ ಕಿಟಕಿಯನ್ನು ಮತ್ತೆ ತೆರೆಯಬಹುದು, ಗಿರಾಕಿಯ ಹತ್ತಿರ ಆ ದಾಖಲೆಯ ಪ್ರತಿ ಅದೊಂದೇ ಇರಬಹುದು.

(ಕಮಾಂಡುಗಳನ್ನು ಉಚ್ಚಾರದ ಪ್ರಕಾರ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲೇ ಹೊಡೆಯಿರಿ.)

ಎಲ್ಲ ಕಿಟಕಿಗಳೂ ಒಟ್ಟಿಗೆ ಹೋಗುವುದಕ್ಕೆ ಕಾರಣ ಸರಳ. ನೀವು ಹತ್ತು ಕಿಟಕಿ ತೆರೆದರೂ ಥುನಾರ್ ಒಂದೇ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು). ಕಾಪಿ ಮಾಡುವ ಕೆಲಸವೂ ಅದರೊಳಗೇ ಒಂದು ಥ್ರೆಡ್ (ಒಳಗಿನ ಉಪಕೆಲಸ) ಆಗಿ ನಡೆಯುತ್ತದೆ. ಪ್ರೋಸೆಸ್ ಸತ್ತರೆ ಎಲ್ಲವೂ ಸಾಯುತ್ತವೆ. ಡೆಸ್ಕ್‌ಟಾಪ್ ಐಕಾನ್‌ಗಳನ್ನು ನೋಡಿಕೊಳ್ಳುವುದು ಎಕ್ಸ್‌ಎಫ್‌ಡೆಸ್ಕ್‌ಟಾಪ್ ಎಂಬ ಬೇರೆ ಪ್ರೋಸೆಸ್, ಅದಕ್ಕೇ ಅವು ಉಳಿಯುತ್ತವೆ.

ಇನ್ನು ಬೀಳುವ ಕ್ಷಣ. ಡ್ರೈವ್ ಕಿತ್ತಾಗ ಕರ್ನಲ್ (ಲಿನಕ್ಸ್‌ನ ತಿರುಳು) ಮೊದಲು ಯುಎಸ್‌ಬಿ ಡಿಸ್‌ಕನೆಕ್ಟ್ ಎಂದು ಗುರುತಿಸಿ ಎಸ್‌ಡಿಬಿ ಎಂಬ ಬ್ಲಾಕ್ ಡಿವೈಸನ್ನು ತೆಗೆಯುತ್ತದೆ. ಆ ಸುದ್ದಿ ಡಿವೈಸ್‌ಗಳನ್ನು ಗಮನಿಸುವ ಯುಡೆವ್‌ಗೆ, ಅಲ್ಲಿಂದ ಡ್ರೈವ್ ಮೌಂಟ್ ಮಾಡುವ ಯುಡಿಸ್ಕ್ಸ್‌ಗೆ, ಅಲ್ಲಿಂದ ಜಿವಿಎಫ್‌ಎಸ್‌ನ ವಾಲ್ಯೂಮ್ ಮಾನಿಟರ್‌ಗೆ, ಕೊನೆಗೆ ಡಿ-ಬಸ್ (ಪ್ರೋಗ್ರಾಮುಗಳ ನಡುವಿನ ಸಂದೇಶದ ದಾರಿ) ಮೂಲಕ ಥುನಾರ್‌ಗೆ ತಲುಪುತ್ತದೆ. ಥುನಾರ್ ಪಕ್ಕದ ಪಟ್ಟಿಯಿಂದ ಆ ಸಾಲನ್ನು ಅಳಿಸಿ, ಅದರ ಆಬ್ಜೆಕ್ಟ್ (ಡ್ರೈವಿನ ವಿವರ) ಇದ್ದ ಮೆಮೊರಿಯನ್ನು ಬಿಟ್ಟುಕೊಡುತ್ತದೆ. ಅದೇ ಹೊತ್ತಿಗೆ ಫೋಲ್ಡರ್ ಓದುವ ಥ್ರೆಡ್ಡು, ಫೈಲ್ ಬದಲಾವಣೆ ಕಾಯುವ ಐನೋಟಿಫೈ, ಥಂಬ್‌ನೇಲ್ ಕೇಳಿ ಕೂತ ಕಾಲ್‌ಬ್ಯಾಕ್ (ಉತ್ತರ ಬಂದಾಗ ಓಡುವ ಕೋಡ್) ಇವೆಲ್ಲ ಇನ್ನೂ ಆ ಆಬ್ಜೆಕ್ಟಿನ ವಿಳಾಸವನ್ನೇ ಹಿಡಿದಿರುತ್ತವೆ. ಬಿಟ್ಟುಕೊಟ್ಟ ಮೆಮೊರಿಯನ್ನು ಯಾವುದೋ ಒಂದು ಕಾಲ್‌ಬ್ಯಾಕ್ ಮುಟ್ಟಿದರೆ ಸೆಗ್‌ಫಾಲ್ಟ್. ನಿಮ್ಮ ಸಾಲಿನಲ್ಲಿರುವ ಎರರ್ 4 ಅದನ್ನೇ ಹೇಳುತ್ತದೆ: ಪ್ರೋಗ್ರಾಮು ತನ್ನ ಮೆಮೊರಿಯಲ್ಲಿ ಇಲ್ಲದ ಪುಟವನ್ನು ಓದಲು ಹೋಗಿದೆ. ಬರೆಯಲು ಹೋಗಿದ್ದರೆ 6 ಬರುತ್ತಿತ್ತು. ಥಂಬ್‌ನೇಲ್ ಮೂಡುತ್ತಿರುವಾಗ ಹೆಚ್ಚು ಬೀಳುವುದಕ್ಕೂ, ಫೋಲ್ಡರ್ ತೆರೆಯದಿದ್ದಾಗ ಬೀಳದಿರುವುದಕ್ಕೂ ಇದೇ ಕಾರಣ. ಕಾಯುತ್ತ ಕೂತ ಕಾಲ್‌ಬ್ಯಾಕ್‌ಗಳು ಎಷ್ಟಿವೆ ಎಂಬುದರ ಮೇಲೆ ಹೋಗುತ್ತದೆ.

ಇದು ಪ್ರೋಗ್ರಾಮಿನ ದೋಷ, ನಿಮ್ಮ ಸೆಟ್ಟಿಂಗಿನದಲ್ಲ. ಹಾಗಾಗಿ ಮೊದಲ ಕೆಲಸ ಹೊಸ ಆವೃತ್ತಿ. ಮಿಂಟ್ 21.2ರಿಂದ ಎಕ್ಸ್‌ಎಫ್‌ಸಿಇ 4.18 ಬರುತ್ತದೆ. ಅಪ್‌ಡೇಟ್ ಮ್ಯಾನೇಜರ್ ತೆರೆದು ಎಡಿಟ್ ಮೆನುವಿನಿಂದ 21.3ಕ್ಕೆ ಏರಿಸಿ. ಏರಿಸುವ ಮುಂಚೆ ಟೈಮ್‌ಶಿಫ್ಟ್ ಎಂಬ ಬ್ಯಾಕಪ್ ಪ್ರೋಗ್ರಾಮಿನಲ್ಲಿ ಸಿಸ್ಟಮಿನ ಒಂದು ಸ್ನ್ಯಾಪ್‌ಶಾಟ್ ಇರಲಿ. ಆಮೇಲೆ "ಥುನಾರ್ -ಕ್ಯೂ" ಹೊಡೆದು ಹಳೆಯ ಪ್ರೋಸೆಸ್ ಮುಚ್ಚಿ, ಇಲ್ಲವೇ ಲಾಗೌಟ್ ಮಾಡಿ. ಎಷ್ಟೋ ಜನ ಇದನ್ನೇ ಮರೆಯುತ್ತಾರೆ. ಹಿನ್ನೆಲೆಯಲ್ಲಿ ಹಳೆ ಥುನಾರೇ ಓಡುತ್ತಿರುತ್ತದೆ, ಅಪ್‌ಡೇಟ್ ಆದರೂ ಪ್ರಯೋಜನ ಇಲ್ಲ ಅಂದುಕೊಳ್ಳುತ್ತಾರೆ.

ಎರಡನೆಯದು ನಿಮ್ಮ ಅಂಗಡಿಗೆ ಬಹಳ ಉಪಯೋಗ: ಚುಚ್ಚಿದ ಕೂಡಲೇ ಕಿಟಕಿ ತಾನಾಗಿ ತೆರೆಯುವುದನ್ನು ನಿಲ್ಲಿಸಿ. ಸೆಟ್ಟಿಂಗ್ಸ್‌ನಲ್ಲಿ ರಿಮೂವಬಲ್ ಡ್ರೈವ್ಸ್ ಅಂಡ್ ಮೀಡಿಯಾ ತೆರೆದರೆ ಕೆಲವು ಟಿಕ್ ಕಾಣುತ್ತವೆ. ಮೌಂಟ್ ಮಾಡುವ ಟಿಕ್ ಇರಲಿ, ಬ್ರೌಸ್ ಮಾಡುವ ಟಿಕ್ ತೆಗೆಯಿರಿ. ಫೈಲನ್ನು ಹಾರ್ಡ್‌ಡಿಸ್ಕಿಗೆ ಎಳೆದುಕೊಂಡ ಮೇಲೆ ಆಲ್ಟ್ ಮತ್ತು ಹೋಮ್ ಕೀ ಒಟ್ಟಿಗೆ ಒತ್ತಿ, ಕಿಟಕಿ ನಿಮ್ಮ ಹೋಮ್ ಫೋಲ್ಡರಿಗೆ ಹೋಗುತ್ತದೆ. ಇನ್ನು ಯಾರು ಕಿತ್ತರೂ ಥುನಾರ್ ಬೀಳುವ ಸಂಭವ ತೀರ ಕಡಿಮೆ.

ಈಗ ಫೈಲಿನ ಮಾತು. ಗಿರಾಕಿಗೆ ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುತ್ತೀರಲ್ಲ, ಕಾಪಿ ಪಟ್ಟಿ ನೂರಕ್ಕೆ ತಲುಪಿದರೆ ಬರೆದಾಯಿತು ಎಂದಲ್ಲ. ಡೇಟಾ ಮೊದಲು ರ್‍ಯಾಮಿನ ಪೇಜ್ ಕ್ಯಾಶಿನಲ್ಲಿ ನಿಲ್ಲುತ್ತದೆ. ಕರ್ನಲ್ ತನ್ನ ಮಾಮೂಲಿ ಸೆಟ್ಟಿಂಗಿನಲ್ಲಿ, ಬಳಕೆಗೆ ಸಿಗುವ ಮೆಮೊರಿಯ 20 ಶೇಕಡಾದಷ್ಟು ಬರೆಯದ ಡೇಟಾವನ್ನು ಹಾಗೆ ಇಟ್ಟುಕೊಳ್ಳಲು ಬಿಡುತ್ತದೆ. ನಿಮ್ಮ 4 ಜಿಬಿ ಯಂತ್ರದಲ್ಲಿ 3 ಜಿಬಿ ಸಿಗುತ್ತದೆ ಎಂದು ಹಿಡಿದರೆ ಅದು 600 ಎಂಬಿ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 5 ಎಂಬಿ ಬರೆದರೆ ಎರಡು ನಿಮಿಷದ ಕೆಲಸ ಬಾಕಿ, ಪರದೆಯ ಮೇಲೆ ಮಾತ್ರ ಎಲ್ಲ ಮುಗಿದಿದೆ. ಆಗ ಕಿತ್ತರೆ ಫೈಲಿನ ಹೆಸರು, ಗಾತ್ರ ಸರಿಯಾಗಿ ಕಂಡರೂ ಒಳಗೆ ಸೊನ್ನೆ ತುಂಬಿರುತ್ತದೆ, ಇಲ್ಲವೇ ಗಾತ್ರವೇ 0 ಬೈಟ್.

ಕಣ್ಣಾರೆ ನೋಡಬೇಕೆಂದರೆ ಟರ್ಮಿನಲ್‌ನಲ್ಲಿ "ವಾಚ್ ಗ್ರೆಪ್ -ಇ ಡರ್ಟಿ -ಇ ರೈಟ್‌ಬ್ಯಾಕ್ /ಪ್ರಾಕ್/ಮೆಮ್‌ಇನ್ಫೋ" ಹೊಡೆದು (ಆ ಎರಡು ಪದಗಳ ಮೊದಲಕ್ಷರ ಮಾತ್ರ ದೊಡ್ಡದು) ದೊಡ್ಡ ಫೈಲ್ ಕಾಪಿ ಮಾಡಿ. ಪಟ್ಟಿ ಮುಗಿದ ಮೇಲೂ ಡರ್ಟಿ (ಇನ್ನೂ ಬರೆಯದ ಡೇಟಾ) ಎಂಬ ಅಂಕಿ ನಿಧಾನ ಇಳಿಯುತ್ತ ಹೋಗುವುದು ಕಾಣುತ್ತದೆ.

ಫ್ಯಾಟ್32 ಫಾರ್ಮ್ಯಾಟಿನ ಡ್ರೈವನ್ನು ಯುಡಿಸ್ಕ್ಸ್ "ಫ್ಲಶ್" ಆಯ್ಕೆಯೊಂದಿಗೆ ಮೌಂಟ್ ಮಾಡುತ್ತದೆ, ಹಾಗಾಗಿ ಅದು ಸ್ವಲ್ಪ ಬೇಗ ಬರೆಯಲು ನೋಡುತ್ತದೆ. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಡ್ರೈವುಗಳಿಗೆ ಆ ಅನುಕೂಲವೂ ಇಲ್ಲ. ಎರಡಕ್ಕೂ ಆಗುವ ಮದ್ದು, ಬಾಕಿಯ ಮಿತಿಯನ್ನೇ ಇಳಿಸುವುದು. /ಇಟಿಸಿ/ಸಿಸ್‌ಸಿಟಿಎಲ್.ಡಿ/ ಒಳಗೆ 60-ಪೆನ್‌ಡ್ರೈವ್.ಕಾನ್ಫ್ ಎಂಬ ಫೈಲ್ ಮಾಡಿ ಎರಡು ಸಾಲು ಬರೆಯಿರಿ:

ವಿಎಂ.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ = 16777216
ವಿಎಂ.ಡರ್ಟಿ_ಬೈಟ್ಸ್ = 50331648

ಅಂದರೆ 16 ಎಂಬಿ ಮತ್ತು 48 ಎಂಬಿ. "ಸುಡೋ ಸಿಸ್‌ಸಿಟಿಎಲ್ --ಸಿಸ್ಟಮ್" ಹೊಡೆದರೆ ಆಗಲೇ ಜಾರಿ. ಇನ್ನು ಕಾಪಿ ಪಟ್ಟಿ ನಿಜವಾದ ವೇಗದಲ್ಲಿ ಓಡುತ್ತದೆ, ನಿಧಾನ ಆಯಿತೆಂದು ಗಾಬರಿಯಾಗಬೇಡಿ. ಬಾಕಿ ಉಳಿಯುವುದು ಹೆಚ್ಚೆಂದರೆ ಹತ್ತು ಸೆಕೆಂಡಿನ ಕೆಲಸ. ಇದು ಇಡೀ ಯಂತ್ರಕ್ಕೆ ಅನ್ವಯಿಸುತ್ತದೆ, ಹಾರ್ಡ್‌ಡಿಸ್ಕಿಗೆ ದೊಡ್ಡ ಫೈಲ್ ಬರೆಯುವುದೂ ಒಂಚೂರು ತಡವಾಗಬಹುದು. ಡಿಟಿಪಿ ಕೆಲಸದಲ್ಲಿ ಅದು ಅಷ್ಟು ಗೊತ್ತಾಗದು.

ಇಷ್ಟಾದರೂ ಬರೆದ ಡ್ರೈವನ್ನು ಇಜೆಕ್ಟ್ ಮಾಡದೆ ಕೊಡಬೇಡಿ.

ಉತ್ತರ 2: ಯಾದಗಿರಿ_ಲ್ಯಾಬ್

ಮ್ಯಾಲಿನವ್ರು ಹೇಳಿದ್ದು ಖರೆ. ಆದ್ರ ಯಾರೂ ಕೀಳದೇ ಡ್ರೈವ್ ತಾನಾಗೇ ಬಿಟ್ಟುಹೋಗ್ತದೋ ಏನೋ, ಅದನ್ನೂ ಒಮ್ಮೆ ನೋಡ್ಕೊಳ್ರಿ. ಫೈಲ್ ಮ್ಯಾನೇಜರಿಗೆ ಎರಡೂ ಒಂದೇ.

"ಸುಡೋ ಡಿಮೆಸೆಜ್ -ಡಬ್ಲ್ಯೂ" (ಕರ್ನಲ್ ಸಂದೇಶ ತೋರ್ಸೋ ಕಮಾಂಡ್) ಓಡಿಸಿಟ್ಟು ಪೆನ್‌ಡ್ರೈವನ್ನ ಪೋರ್ಟಿನಾಗೇ ಬೆರಳಿನಿಂದ ಮೆಲ್ಲಗ ಆಕಡೆ ಈಕಡೆ ಅಲ್ಲಾಡಿಸ್ರಿ. ಡಿಸ್‌ಕನೆಕ್ಟ್ ಅಂತ ಸಾಲು ಬಂತಂದ್ರ ಪೋರ್ಟ್ ಸಡಿಲ ಆಗ್ಯದ. ದಿನಾ ಚುಚ್ಚಿ ಚುಚ್ಚಿ ಕ್ಯಾಬಿನೆಟ್ ಮುಂದಿನ ಪೋರ್ಟಿನ ಒಳಗಿನ ತಗಡಿನ ಹಿಡಿತ ಹೋಗಿರ್ತದ, ಬಿಳಿ ಪ್ಲಾಸ್ಟಿಕ್ ನಾಲಿಗಿ ಒಂದು ಕಡೆ ವಾಲಿರ್ತದ. ಅದನ್ನ ಬಗ್ಗಿಸಿ ಸರಿ ಮಾಡಾಕ ಹೋಗಬ್ಯಾಡ್ರಿ, ನಾಲ್ಕು ತಂತಿ ಒಂದಕ್ಕೊಂದು ತಾಕಿದ್ರ ಪೋರ್ಟೂ ಹೋಗ್ತದ, ಗಿರಾಕಿ ಡ್ರೈವೂ ಹೋಗ್ತದ. ಹಿಂದಿನ ಪೋರ್ಟಿನಿಂದ ಒಂದು ಮೀಟರ್ ಒಳಗಿನ ಗಿಡ್ಡ ಎಕ್ಸ್‌ಟೆನ್ಷನ್ ಕೇಬಲ್ ಮೇಜಿನ ಮ್ಯಾಲ ತಂದು ಅದರಾಗೇ ಚುಚ್ರಿ. ಸವೆದ್ರ ಕೇಬಲ್ ಸವೀತದ, ಬದಲಿಸಿದ್ರ ಆಯ್ತು.

ಎರರ್ -71 ಅಂತ ಬಂದ್ರ ಸಿಗ್ನಲ್ ಕೆಡ್ತಿದೆ, ಅಂದ್ರ ಕೇಬಲ್ಲೋ ಪೋರ್ಟೋ. -110 ಬಂದ್ರ ಡ್ರೈವ್ ಹೊತ್ತಿಗೆ ಸರಿಯಾಗಿ ಉತ್ತರ ಕೊಡ್ತಿಲ್ಲ. ಹೊರಗಿನ 2.5 ಇಂಚಿನ ಹಾರ್ಡ್‌ಡಿಸ್ಕ್ ಟಕ್ ಟಕ್ ಅಂದು ಮತ್ತೆ ಮತ್ತೆ ಕಾಣಿಸ್ಕೊಂಡು ಮಾಯ ಆಗ್ತಿದ್ರ ಅದು ಕರೆಂಟಿನ ಕೊರತೆ. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪ್, ಯುಎಸ್‌ಬಿ 3 ಕೊಡೋದು 900. ಡಿಸ್ಕ್ ತಿರುಗಾಕ ಶುರು ಆಗೋ ಹೊತ್ತಿಗೆ 500 ಸಾಲಂಗಿಲ್ಲ. ನೀಲಿ ಪೋರ್ಟಿಗೆ ಹಾಕ್ರಿ, ಇಲ್ಲಂದ್ರ ಸ್ವಂತ ಅಡಾಪ್ಟರ್ ಇರೋ ಹಬ್ ಬೇಕು.

ನಮ್ಮ ಕಡೆ ಏಪ್ರಿಲ್-ಮೇ ಬಿಸಿಲಿಗೆ ಇನ್ನೊಂದು ಮಾತು. ತಗಡಿನ ಮೈಯಿನ ಸಣ್ಣ ಯುಎಸ್‌ಬಿ 3 ಡ್ರೈವ್ ನಾಲ್ಕೈದು ಜಿಬಿ ಒಂದೇ ಸಮ ಬರೆದ್ರ ಮುಟ್ಟಾಕ ಆಗದಷ್ಟು ಕಾಯ್ತದ. ಕಾದಂಗ ವೇಗ ಬೀಳ್ತದ, ಕೆಲವು ಪೂರಾ ಬಿಟ್ಟೇ ಹೋಗ್ತಾವ. ಅಂಥದ್ದಕ್ಕ ಒಂದೊಂದು ಜಿಬಿಯಂಗ ಹಾಕಿ ನಡುವ ಜರ ಬಿಡುವು ಕೊಡ್ರಿ.

ಸ್ಟೇಷನ್‌ರೋಡ್_ಡಿಟಿಪಿ

ಬ್ರೌಸ್ ಟಿಕ್ ತೆಗೆದೆ, ಡರ್ಟಿ ಬೈಟ್ಸ್ ಹಾಕಿದೆ, 21.3ಕ್ಕೂ ಏರಿಸಿದೆ. ಥುನಾರ್ 4.18 ಬಂತು. ಫೋಲ್ಡರ್ ತೆರೆದಿಟ್ಟು 20 ಸಲ ಕಿತ್ತು ನೋಡ್ದೆ, ಒಮ್ಮೆನೂ ಬೀಳಲಿಲ್ಲ. ಅಲ್ಲಾಡಿಸಿದ್ರ ಒಂದು ಯಂತ್ರದ ಮುಂದಿನ ಪೋರ್ಟ್ ಡಿಸ್‌ಕನೆಕ್ಟ್ ತೋರಸ್ತು, ಅದನ್ನ ಬಿಟ್ಟು ಹಿಂದಿನಿಂದ ಕೇಬಲ್ ತಂದೀನಿ.

ಎರಡು ಉಳದಾವ. ಪಿಡಿಎಫ್ ಪೆನ್‌ಡ್ರೈವಿನಿಂದಲೇ ತೆರೆದಿದ್ದಾಗ ಕಿತ್ತರ ಈಗ ಥುನಾರ್ ಅಲ್ಲ, ಪಿಡಿಎಫ್ ರೀಡರ್ ಬೀಳ್ತದ. ಟರ್ಮಿನಲ್‌ನಿಂದ ಓಡಿಸಿ ನೋಡಿದ್ರ "ಬಸ್ ಎರರ್" ಅಂತದ. ಎರಡನೇದು, ಡಿವೈಸ್ ಬಿಜಿ ಇನ್ನೂ ಬರ್ತದ.

ಬೀದರ್_ಲಿನಕ್ಸ್

ಬಸ್ ಎರರ್ ಬೇರೆಯೇ ಜಾತಿ. ಸೆಗ್‌ಫಾಲ್ಟ್ ಸಿಗ್ನಲ್ 11, ಇದು ಸಿಗ್ನಲ್ 7. ಪಿಡಿಎಫ್ ರೀಡರಿನಂಥ ಕೆಲವು ಪ್ರೋಗ್ರಾಮುಗಳು ಫೈಲನ್ನು ಪೂರ್ತಿ ಓದಿಕೊಳ್ಳುವುದಿಲ್ಲ, ಎಂಮ್ಯಾಪ್ ಮಾಡಿ ಮೆಮೊರಿಯ ವಿಳಾಸಕ್ಕೆ ಕಟ್ಟಿಕೊಳ್ಳುತ್ತವೆ. ನೀವು 30ನೇ ಪುಟಕ್ಕೆ ಹೋದಾಗಲೇ ಆ ಭಾಗ ಡ್ರೈವಿನಿಂದ ಬರುತ್ತದೆ. ಅಷ್ಟರಲ್ಲಿ ಡ್ರೈವೇ ಇಲ್ಲವೆಂದರೆ ಕರ್ನಲ್ ಕೊಡುವ ಉತ್ತರ ಬಸ್ ಎರರ್. ಇದಕ್ಕೆ ಹೊಸ ಆವೃತ್ತಿಯ ಮದ್ದು ಕಾಯಬೇಡಿ. ಫೈಲನ್ನು ಹಾರ್ಡ್‌ಡಿಸ್ಕಿನ ಒಂದು ಫೋಲ್ಡರಿಗೆ ಕಾಪಿ ಮಾಡಿ ಅಲ್ಲಿಂದ ತೆರೆಯುವುದೇ ಸರಿ, ಸಂಜೆ ಆ ಫೋಲ್ಡರ್ ಖಾಲಿ ಮಾಡಿ. ಗಿರಾಕಿಯ ಆಧಾರ್, ಪಹಣಿ ಪ್ರತಿಗಳು ನಿಮ್ಮ ಯಂತ್ರದಲ್ಲಿ ಉಳಿಯಬಾರದು.

ಬಿಜಿ ಎಂದಾಗ ಯಾರು ಹಿಡಿದಿದ್ದಾರೆ ಎಂದು ಊಹಿಸಬೇಕಿಲ್ಲ. "ಫ್ಯೂಸರ್ -ವಿಎಂ" ಬರೆದು ಮುಂದೆ ಡ್ರೈವಿನ ಮೌಂಟ್ ಹಾದಿ ಕೊಡಿ. ಪ್ರೋಗ್ರಾಮಿನ ಹೆಸರಿನ ಪಕ್ಕದ ಅಕ್ಷರ ನೋಡಿ. ಸಿ ಇದ್ದರೆ ಅದು ಆ ಫೋಲ್ಡರಿನೊಳಗೆ ನಿಂತಿದೆ, ಸಾಮಾನ್ಯವಾಗಿ ತೆರೆದಿಟ್ಟ ಟರ್ಮಿನಲ್. ಸಣ್ಣ ಎಫ್ ಎಂದರೆ ಫೈಲ್ ತೆರೆದಿದೆ. ದೊಡ್ಡ ಎಫ್ ಎಂದರೆ ಬರೆಯಲು ತೆರೆದಿದೆ, ಆಗ ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಎಂ ಎಂದರೆ ಈಗ ಹೇಳಿದ ಎಂಮ್ಯಾಪ್, ಕಿತ್ತರೆ ಬಸ್ ಎರರ್ ಬರುವುದು ಅದಕ್ಕೇ.

ಎಕ್ಸ್‌ಎಫ್‌ಸಿಇಯಲ್ಲಿ ಆ ಪಟ್ಟಿಯಲ್ಲಿ ಹೆಚ್ಚಾಗಿ ಸಿಗುವ ಹೆಸರು ಟಂಬ್ಲರ್‌ಡಿ, ಥಂಬ್‌ನೇಲ್ ಮಾಡುವ ಸೇವೆ. ದೊಡ್ಡ ವಿಡಿಯೋ, ಕೆಟ್ಟ ಪಿಡಿಎಫ್ ಸಿಕ್ಕರೆ ಅದನ್ನೇ ಹಿಡಿದು ಕೂರುತ್ತದೆ. ಪೆನ್‌ಡ್ರೈವಿಗಷ್ಟೇ ಅದನ್ನು ನಿಲ್ಲಿಸಬಹುದು. /ಇಟಿಸಿ/ಎಕ್ಸ್‌ಡಿಜಿ/ಟಂಬ್ಲರ್/ ಒಳಗಿನ ಟಂಬ್ಲರ್.ಆರ್‌ಸಿ ಫೈಲನ್ನು ಹೋಮ್‌ನ .ಕಾನ್ಫಿಗ್/ಟಂಬ್ಲರ್/ ಫೋಲ್ಡರಿಗೆ ಕಾಪಿ ಮಾಡಿ, ಜೆಪೆಗ್, ಪಾಪ್ಲರ್, ಎಫ್‌ಎಫ್‌ಎಂಪೆಗ್ ಹೀಗೆ ಪ್ರತಿ ಥಂಬ್‌ನೇಲರ್ ವಿಭಾಗದಲ್ಲೂ "ಎಕ್ಸ್‌ಕ್ಲೂಡ್ಸ್=" ಮುಂದೆ /ಮೀಡಿಯಾ ಎಂದು ಬರೆಯಿರಿ. ಒಂದು ವಿಭಾಗ ಬಿಟ್ಟರೂ ಆ ಜಾತಿಯ ಫೈಲಿಗೆ ಅದು ಮತ್ತೆ ಬರುತ್ತದೆ. ಆಮೇಲೆ ಟಂಬ್ಲರ್‌ಡಿ ಪ್ರೋಸೆಸನ್ನು ಮುಚ್ಚಿದರೆ ಮುಂದಿನ ಸಲ ಹೊಸ ಸೆಟ್ಟಿಂಗಿನೊಂದಿಗೆ ಏಳುತ್ತದೆ.

ಹೆಸರಿಗೆ 1 ಸೇರುವುದೂ ಇದರ ಮಗ್ಗುಲೇ. ಯಾರೋ ಹಿಡಿದಿದ್ದಾಗ ಕಿತ್ತರೆ ಹಳೆಯ ಮೌಂಟ್ ಫೋಲ್ಡರ್ ಅಲ್ಲೇ ಉಳಿಯುತ್ತದೆ, ಹೊಸದಕ್ಕೆ ಯುಡಿಸ್ಕ್ಸ್ ಬೇರೆ ಹೆಸರು ಕೊಡುತ್ತದೆ. ಹಿಡಿದ ಪ್ರೋಗ್ರಾಮ್ ಮುಚ್ಚಿ "ಸುಡೋ ಅಮೌಂಟ್ -ಎಲ್" ಮುಂದೆ ಹಳೆ ಹಾದಿ ಕೊಟ್ಟರೆ ಹೋಗುತ್ತದೆ.

ಬರೀ ಪ್ರಿಂಟ್ ತೆಗೆಯುವ ಡ್ರೈವಾದರೆ ಇನ್ನೂ ಗಟ್ಟಿ ದಾರಿಯಿದೆ. ತಾನಾಗಿ ಮೌಂಟ್ ಆಗಿದ್ದರೆ ಮೊದಲು ಅನ್‌ಮೌಂಟ್ ಮಾಡಿ, ಆಮೇಲೆ "ಯುಡಿಸ್ಕ್ಸ್‌ಸಿಟಿಎಲ್ ಮೌಂಟ್ -ಬಿ /ಡೆವ್/ಎಸ್‌ಡಿಬಿ1 -ಓ ಆರ್‌ಓ". ಓದಲು ಮಾತ್ರ ಮೌಂಟ್ ಆಗುತ್ತದೆ, ಡ್ರೈವಿಗೆ ಒಂದು ಬೈಟೂ ಹೋಗುವುದಿಲ್ಲ. ಲಿಬ್ರೆಆಫೀಸ್ ಅಲ್ಲಿ ಲಾಕ್ ಫೈಲನ್ನೂ ಬಿಡುವುದಿಲ್ಲ. ಹೇಗೆ ಕಿತ್ತರೂ ಗಿರಾಕಿಯ ಫೈಲ್ ಇದ್ದಂತೆ ಇರುತ್ತದೆ.

ಉತ್ತರ 3: ಸುರಪುರ_ಯೂನಿಕೋಡ್

ಕನ್ನಡದಲ್ಲಿ ಫೈಲ್ ಹೆಸರಿಡುವವರು ನಮ್ಮಲ್ಲಿ ಹೆಚ್ಚಾಗುತ್ತಿದ್ದಾರೆ, ಬಹಳ ಒಳ್ಳೆಯದು. ಅದರಿಂದ ಬರುವ ಒಂದು ಅಡ್ಡಿ ಇಲ್ಲಿ ಯಾರೂ ಹೇಳಿಲ್ಲ. ಮಿಂಟ್ ಹಾರ್ಡ್‌ಡಿಸ್ಕಿಗೆ ಸಾಮಾನ್ಯವಾಗಿ ಬಳಸುವ ಎಕ್ಸ್‌ಟಿ4 ಫಾರ್ಮ್ಯಾಟಿನಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ 3 ಬೈಟ್. ಹಾಗಾಗಿ 85 ಚಿಹ್ನೆ ದಾಟಿದರೆ ಆಗದು. ಗುಣಿತ, ಒತ್ತು ಎಲ್ಲ ಪ್ರತ್ಯೇಕ ಲೆಕ್ಕ: "ಕಲಬುರಗಿ" ಕಣ್ಣಿಗೆ 5 ಅಕ್ಷರ, ಯೂನಿಕೋಡಿನಲ್ಲಿ 7, ಬೈಟಿನಲ್ಲಿ 21. "ಕ್ಷ" ಒಂದೇ 9 ಬೈಟ್ ತಿನ್ನುತ್ತದೆ. ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ಯುಟಿಎಫ್-16 ಘಟಕ, ಅಂದರೆ ಕನ್ನಡದ 255 ಚಿಹ್ನೆ.

ಆದ್ದರಿಂದ ವಿಂಡೋಸ್‌ನಲ್ಲಿ "ತಾಲ್ಲೂಕು ಕಚೇರಿಗೆ ಸಲ್ಲಿಸಿದ ಅರ್ಜಿ" ಎಂದು ಶುರುವಾಗಿ ಸರ್ವೆ ನಂಬರಿನವರೆಗೆ ಬೆಳೆದ ಹೆಸರು ಪೆನ್‌ಡ್ರೈವಿನಲ್ಲಿ ಸರಿಯಾಗಿ ಕೂರುತ್ತದೆ, ನಿಮ್ಮ ಹಾರ್ಡ್‌ಡಿಸ್ಕಿಗೆ ಎಳೆದಾಗ ಮಾತ್ರ ಹೆಸರು ಉದ್ದವಾಯಿತು ಎಂಬ ದೋಷ ಬಂದು ಕಾಪಿ ನಿಲ್ಲುತ್ತದೆ. ಆ ಪೆಟ್ಟಿಗೆ ಬೇರೆ ಕಿಟಕಿಯ ಹಿಂದೆ ಅಡಗಿ ನಿಮ್ಮ ಉತ್ತರ ಕಾಯುತ್ತಿರುತ್ತದೆ, ಡ್ರೈವ್ ಬಿಜಿ ಎನ್ನುತ್ತದೆ, ಹ್ಯಾಂಗ್ ಆಯಿತೆಂದು ಕೀಳುತ್ತೇವೆ. ಕೀಳುವ ಮುಂಚೆ ಆಲ್ಟ್-ಟ್ಯಾಬ್ ಒತ್ತಿ ಪೆಟ್ಟಿಗೆ ಏನಾದರೂ ಇದೆಯೇ ನೋಡಿ. ಇದ್ದರೆ ಆ ಫೈಲನ್ನು ಬಿಟ್ಟು ಮುಂದುವರಿಸಿ, ಡ್ರೈವಿನಲ್ಲೇ ಹೆಸರು ಗಿಡ್ಡ ಮಾಡಿ ಮತ್ತೆ ಎಳೆಯಿರಿ.

ಉತ್ತರ 4: ಯಾದಗಿರಿ_ಲ್ಯಾಬ್

ವಿಂಡೋಸ್ ಇಟ್ಟವ್ರಿಗೆ ಎರಡು ಮಾತು. ವಿಂಡೋಸ್ 10ರ 1809 ಆವೃತ್ತಿಯಿಂದ ಯುಎಸ್‌ಬಿ ಡ್ರೈವಿಗೆ ಕ್ವಿಕ್ ರಿಮೂವಲ್ ಡೀಫಾಲ್ಟ್ ಆಗ್ಯದ, ಬಾಕಿ ಬರಹ ಕಡಿಮಿ ಇರ್ತದ. ಕಾಪಿ ನಡೆದಾಗ ಕಿತ್ತರ ಅದೂ ಉಳಸಂಗಿಲ್ಲ. ಇಜೆಕ್ಟ್ ಆಗದಿದ್ರ ಇವೆಂಟ್ ವ್ಯೂವರಿನ ಸಿಸ್ಟಮ್ ಲಾಗ್‌ನಾಗ ಐಡಿ 225 ಹುಡುಕ್ರಿ, ತಡೆದ ಪ್ರೋಗ್ರಾಮಿನ ಹೆಸರು ಅಲ್ಲೇ ಇರ್ತದ. ಐಡಿ 157 ಇದ್ರ ಡಿಸ್ಕ್ ಹೇಳದೇ ಕೇಳದೇ ಹೋಗ್ಯದ ಅಂತ ಅರ್ಥ. ಎಕ್ಸ್‌ಪ್ಲೋರರೇ ಬೀಳ್ತಿದ್ರ ಅಪ್ಲಿಕೇಶನ್ ಲಾಗ್‌ನಾಗ ಐಡಿ 1000 ತೆರೆದು ಫಾಲ್ಟಿಂಗ್ ಮಾಡ್ಯೂಲ್ ಹೆಸರು ನೋಡ್ರಿ. ರೈಟ್ ಕ್ಲಿಕ್ ಮೆನುವಿಗೆ ಸೇರ್ಕೊಂಡ ಯಾವುದೋ ಹೊರಗಿನ ಎಕ್ಸ್‌ಟೆನ್ಷನ್ ಇದ್ರ ಅದನ್ನ ತೆಗೀರಿ.

ಸ್ಟೇಷನ್‌ರೋಡ್_ಡಿಟಿಪಿ

ಫ್ಯೂಸರ್‌ನಾಗ ಟಂಬ್ಲರ್‌ಡಿನೇ ಸಿಕ್ತು, ಪಕ್ಕದಾಗ ಸಣ್ಣ ಎಫ್. ಎಕ್ಸ್‌ಕ್ಲೂಡ್ಸ್ ಹಾಕಿದ ಮ್ಯಾಲ ಬಿಜಿ ಬಂದಿಲ್ಲ. ಕೊನೇ ಪ್ರಶ್ನಿ: ಹಿಂದೆ ಕಿತ್ತ ಒಂದು ಫ್ಯಾಟ್32 ಡ್ರೈವ್ ಚುಚ್ಚಿದ್ರ ಡಿಮೆಸೆಜ್‌ನಾಗ ಸರಿಯಾಗಿ ಅನ್‌ಮೌಂಟ್ ಆಗಿಲ್ಲ, ಎಫ್‌ಎಸ್‌ಸಿಕೆ (ಡಿಸ್ಕ್ ತಪಾಸಣಿ ಕಮಾಂಡ್) ಓಡಿಸಿ ಅಂತ ಬರ್ತದ. ಓಡಿಸಬೇಕೇನು?

ಬೀದರ್_ಲಿನಕ್ಸ್

ಗಿರಾಕಿಯದಾದರೆ ಅವರನ್ನು ಕೇಳದೆ ಬೇಡ. ಮೊದಲು ಅದರಲ್ಲಿರುವುದನ್ನೆಲ್ಲ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ, ರಿಪೇರಿ ಆಮೇಲೆ.

ಅನ್‌ಮೌಂಟ್ ಮಾಡಿ, "ಸುಡೋ ಎಫ್‌ಎಸ್‌ಸಿಕೆ.ವಿಫ್ಯಾಟ್ -ಎನ್ /ಡೆವ್/ಎಸ್‌ಡಿಬಿ1" ಹೊಡೆಯಿರಿ. ಎಸ್‌ಡಿಬಿಯೇ ಹೌದೇ ಎಂದು "ಎಲ್‌ಎಸ್‌ಬಿಎಲ್‌ಕೆ"ಯಲ್ಲಿ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. -ಎನ್ ಇದ್ದರೆ ಬರೀ ವರದಿ, ಏನೂ ಬದಲಾಗದು. ವರದಿಯಲ್ಲಿ ಡರ್ಟಿ ಬಿಟ್ (ಸರಿಯಾಗಿ ಅನ್‌ಮೌಂಟ್ ಆಗಿಲ್ಲವೆಂಬ ಗುರುತು) ಒಂದೇ ಇದ್ದರೆ -ಎನ್ ಬದಲು -ಎ ಕೊಟ್ಟು ಓಡಿಸಿ, ಆ ಗುರುತು ಅಳಿಯುತ್ತದೆ. ಕ್ಲಸ್ಟರ್ ಸರಪಳಿ (ಫೈಲಿನ ತುಣುಕುಗಳನ್ನು ಜೋಡಿಸುವ ಕೊಂಡಿ) ಕಡಿದಿದೆ ಎಂದು ಪಟ್ಟಿ ಬಂದರೆ, ಕಾಪಿ ಕೈಯಲ್ಲಿದ್ದಾಗ ಮಾತ್ರ ರಿಪೇರಿ ಮಾಡಿ. ವಾರಸುದಾರರಿಲ್ಲದ ತುಣುಕುಗಳನ್ನು ಉಳಿಸಿಕೊಳ್ಳಲು ಆಯ್ದರೆ ಅವು ಡ್ರೈವಿನ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಲ್ಲೇ ಎಫ್‌ಎಸ್‌ಸಿಕೆ0000.ಆರ್‌ಇಸಿ, 0001 ಎಂದು ಸಾಲಾಗಿ ಕೂರುತ್ತವೆ. ಹಾಗೇ ಅಳಿಸಬೇಡಿ. ಪ್ರತಿಯೊಂದರ ಮೇಲೂ "ಫೈಲ್" ಕಮಾಂಡ್ ಓಡಿಸಿದರೆ ಅದು ಪಿಡಿಎಫ್ಫೋ, ಜೆಪೆಗ್ಗೋ, ಡಾಕ್ ಫೈಲೋ ಎಂದು ಗೊತ್ತಾಗುತ್ತದೆ. ಸರಿಯಾದ ಎಕ್ಸ್‌ಟೆನ್ಷನ್ ಹಚ್ಚಿ ತೆರೆದು ನೋಡಿ, ಕಳೆದುಹೋಗಿದ್ದ ಸ್ಕ್ಯಾನ್ ಅದರಲ್ಲೇ ಇರಬಹುದು.